ಕರಿ ರಣಹದ್ದು ಮರಿಯ ಕಣ್ಣು ಕಿತ್ತಿತು, ಗುಂಡು ಹಾಕಲಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಶಿರಾ ಕಡೆ. ಈಗ ಅಮೆರಿಕದ ಕೆಂಟಕಿಯಲ್ಲಿ ಹದಿನೆಂಟು ಆಡು ಸಾಕಿದ್ದೇವೆ. ಮಾರ್ಚ್‌ನಲ್ಲಿ ಒಂದು ಆಡು ಬಯಲಲ್ಲೇ ಎರಡು ಮರಿ ಹಾಕಿತು. ನಾನು ಓಡಿ ಹೋಗುವಷ್ಟರಲ್ಲಿ ಕರಿ ರಣಹದ್ದುಗಳು ಒಂದು ಮರಿಯನ್ನು ಕೊಂದು, ಇನ್ನೊಂದರ ಕಣ್ಣು ಕಿತ್ತಿದ್ದವು. ಮನೆ ಹಿಂದಿನ ಒಣಮರದಲ್ಲಿ ಸಂಜೆಯಾದರೆ ಮೂವತ್ತು ನಲವತ್ತು ಕೂರುತ್ತವೆ. ಪಕ್ಕದವರು ಗುಂಡು ಹಾಕಿ ಅನ್ನುತ್ತಾರೆ. ಹಾಕಬಹುದಾ?
— ಓದುಗರೊಬ್ಬರು, ಕೆಂಟಕಿ

ಉತ್ತರ: ಪರ್ಮಿಟ್ ಇಲ್ಲದೆ ಬೇಡ. ಅಲ್ಲಿ ವಲಸೆ ಹಕ್ಕಿಗಳ 1918ರ ಕಾಯ್ದೆ ಇವನ್ನೂ ಕಾಯುತ್ತದೆ. ನಷ್ಟವಾದವರಿಗೆ ಕೆಲವೇ ಹಕ್ಕಿ ಕೊಲ್ಲಲು ಪರ್ಮಿಟ್ ಕೊಡುತ್ತಾರೆ, ಅಲ್ಲಿನ ರೈತರ ಸಂಘ ಕೆಂಟಕಿ ಫಾರ್ಮ್ ಬ್ಯೂರೋದಲ್ಲಿ ವಿಚಾರಿಸಿ. ಸದ್ದು ಮಾಡಿ ಓಡಿಸುವುದಕ್ಕೆ ಪರ್ಮಿಟ್ ಬೇಕಿಲ್ಲ. ಕೆಂಪು ತಲೆಯ ಟರ್ಕಿ ವಲ್ಚರ್ ಕೂಡ ಜೊತೆಗೆ ಸುತ್ತುತ್ತಿರುತ್ತದೆ. ಅದು ಸತ್ತದ್ದನ್ನು ತಿನ್ನುವ ಹಕ್ಕಿ, ಅದರ ಮೇಲೆ ಸಿಟ್ಟು ಬೇಡ.

ದಿನ ತುಂಬಿದ ಆಡನ್ನು ಬಯಲಿಗೆ ಬಿಡಲೇಬೇಡಿ. ಆಡು ಕೂಡುವ ದೊಡ್ಡಿಗೆ ನಿಮ್ಮ ಕಡೆ ರೊಪ್ಪ ಅಂತೀರಲ್ಲ, ಅಂಥದ್ದೇ ಮಾಡಿ, ಆದರೆ ಮೇಲೆ ಸೂರು ಇರಲಿ. ಮಾಸು ಬಿದ್ದ ಕೂಡಲೇ ಎತ್ತಿ ಆಳವಾಗಿ ಹೂಳಿ. ಕರಿ ಹದ್ದು ಮೂಗಿಗಿಂತ ಕಣ್ಣನ್ನೇ ನಂಬುತ್ತದೆ, ಕಂಡರೆ ಇಳಿಯುತ್ತದೆ. ಮರಿ ಎದ್ದು ನಿಂತು, ತಾಯಿಯ ಹಿಂದೆ ಓಡಾಡುವ ತನಕ ಒಳಗೇ ಇರಲಿ.

ಆ ಒಣಮರ ಕಡಿಸಿ. ಆಗದಿದ್ದರೆ ರಣಹದ್ದಿನ ಬೊಂಬೆಯೊಂದನ್ನು ತಲೆಕೆಳಗಾಗಿ, ಗಾಳಿಗೆ ತೂಗಾಡುವ ಹಾಗೆ ಕಟ್ಟಿ. ನಮ್ಮ ಹೊಲಗಳಲ್ಲಿ ಸತ್ತ ಕಾಗೆ ನೇತು ಹಾಕ್ತೀವಿ ಅಲ್ವಾ, ಅದೇ ಉಪಾಯ. ನಿಜವಾದ ಸತ್ತ ರಣಹದ್ದನ್ನು ಕಟ್ಟಲು ಪರ್ಮಿಟ್ ಬೇಕು, ಬೊಂಬೆಗೆ ಬೇಡ.

ವಿಷದ ಯೋಚನೆ ಮಾತ್ರ ಮನಸ್ಸಿಗೂ ತರಬೇಡಿ. 1990ರ ದಶಕದಲ್ಲಿ ನಾನೇ ನೂರಾರು ಹಸುಗಳಿಗೆ ನೋವು ಕಡಿಮೆಯಾಗಲಿ ಅಂತ ಡೈಕ್ಲೊಫೆನಾಕ್ ಚುಚ್ಚಿದ್ದೇನೆ. ಸತ್ತ ಹಸುವಿನ ಮಾಂಸದ ಮೂಲಕ ಅದು ರಣಹದ್ದುಗಳ ಮೂತ್ರಪಿಂಡ ಹಾಳು ಮಾಡುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 2006ರಲ್ಲಿ ದನಕರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸುವಷ್ಟರಲ್ಲಿ ಭಾರತದ ರಣಹದ್ದುಗಳಲ್ಲಿ ಮೂರು ಜಾತಿಗಳು ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೋಗಿಬಿಟ್ಟಿದ್ದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಈಗ ಬೆರಳೆಣಿಕೆಯಷ್ಟಿವೆ. ನಿಮ್ಮ ಮರದಲ್ಲಿ ನಲವತ್ತು ಕೂರುತ್ತವೆ ಅಂತ ಓದಿದಾಗ, ನಿಮ್ಮ ನೋವು ಗೊತ್ತಿದ್ದೂ, ನನಗೆ ಹೊಟ್ಟೆಕಿಚ್ಚಾಯಿತು.

ಇನ್ನೊಂದು ಮಾತು. ಮರಿ ಸತ್ತರೆ ಹೂಳುವ ಮೊದಲು ಕಚ್ಚಿದ ಕಡೆ ಚರ್ಮ ಬಿಡಿಸಿ ನೋಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಜೀವ ಇದ್ದಾಗಲೇ ಕುಕ್ಕಿವೆ ಅಂತ. ಇಲ್ಲದಿದ್ದರೆ ಮರಿ ಸತ್ತ ಮೇಲೆ ಬಂದಿವೆ. ಫೋಟೋ ತೆಗೆದಿಡಿ, ಸರ್ಕಾರದ ಪರಿಹಾರ ಕೇಳುವಾಗ ಬೇಕಾಗುತ್ತದೆ.

ಕಣ್ಣು ಹೋದ ಮರಿ ಹೇಗಿದೆ? ಹಾಲು ಕುಡಿಯುತ್ತಿದೆಯಾ? ಬರೆದು ತಿಳಿಸಿ.