ಟಂಗ್‌ಸ್ಟನ್ ಪ್ರಿಂಟ್ ಮಾಡಲು ಎಷ್ಟು ವ್ಯಾಟ್ ಬೇಕು ಅನ್ನೋದು ಮೊದಲ ಪ್ರಶ್ನೆ ಅಲ್ಲ

ನಿಮ್ಮ ಥೀಸಿಸ್‌ಗೆ ಶುದ್ಧ ಟಂಗ್‌ಸ್ಟನ್ ಲೋಹದ ಪುಡಿಯನ್ನು ಲೇಸರ್‌ನಲ್ಲಿ ಪದರ ಪದರವಾಗಿ ಕರಗಿಸಿ 3ಡಿ ಪ್ರಿಂಟ್ ಮಾಡಿ 99% ಡೆನ್ಸಿಟಿ (ಅಂದರೆ ತೂತೇ ಇಲ್ಲದ ಗಟ್ಟಿ ಲೋಹದ ಸಾಂದ್ರತೆಯ 99%) ತರಬೇಕು, ಪವರ್ ಎಷ್ಟು, ಸ್ಪೀಡ್ ಎಷ್ಟು ಇಡಲಿ ಅಂತ ಕೇಳಿದ್ದೀರಿ. ಮಂಗಳೂರಿನಲ್ಲಿ ಎಂ.ಟೆಕ್ ಮಾಡುವಾಗ ನನ್ನ ತಲೆಯಲ್ಲೂ ಇದೊಂದೇ ಪ್ರಶ್ನೆ ಇತ್ತು. ಅದರ ಹಿಂದೆ ಹೋಗಿ ಒಂದು ಸೆಮಿಸ್ಟರ್ ಹೋಯಿತು, ಪುಡಿಗೆ ಸಿಕ್ಕಿದ್ದ ದುಡ್ಡೂ ಹೋಯಿತು.

ಪ್ರಿಂಟ್ ಮಾಡಿಕೊಡುತ್ತಿದ್ದದ್ದು ಬೆಂಗಳೂರಿನ ಒಂದು ವರ್ಕ್‌ಶಾಪ್. ಮೊದಲು ಬಂದದ್ದೆಲ್ಲ ಬರೀ ಉಂಡೆಗಳು. ಟಂಗ್‌ಸ್ಟನ್ ಕರಗೋದು 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಷ್ಟು ಬಿಸಿಯಲ್ಲಿ ಕರಗುವ ಲೋಹ ಬೇರೆ ಇಲ್ಲ. ಶಾಖ ಅದರೊಳಗೆ ಬೇಗ ಹರಿದು ಹೋಗುತ್ತದೆ, ಕರಗಿದಾಗ ಅದರ ಮೇಲ್ಮೈ ಎಳೆತವೂ ತುಂಬಾ ಜಾಸ್ತಿ. ಹಾಗಾಗಿ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಉಂಡೆ ಕಟ್ಟುತ್ತದೆ, ಹರಡುವ ಮೊದಲೇ ಗಟ್ಟಿಯಾಗುತ್ತದೆ. ನಾನು ಪವರ್ ಏರಿಸಿ, ಸ್ಪೀಡ್ ಇಳಿಸಿ ಅಂತ ಹೇಳುತ್ತಲೇ ಹೋದೆ. ಉಂಡೆ ಕಟ್ಟೋದು ನಿಂತಿತು. ನೀರಲ್ಲಿ ಮುಳುಗಿಸಿ ತೂಗಿದರೆ ಡೆನ್ಸಿಟಿ 98%ರ ಹತ್ತಿರ! ಉಳಿದ ಪುಡಿಯನ್ನೆಲ್ಲ ಅದೇ ಸೆಟ್ಟಿಂಗ್‌ನಲ್ಲಿ ಟೆಸ್ಟ್ ಪೀಸ್ ಮಾಡಿಸಿಬಿಟ್ಟೆ.

ಅವನ್ನು ಮಂಗಳೂರಿನ ಬೈಕಂಪಾಡಿಯಲ್ಲಿ ವೈರ್‌ಕಟ್‌ಗೆ, ಅಂದರೆ ತೆಳು ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವಲ್ಲಿಗೆ, ಕೊಟ್ಟೆ. ಕಟ್ ಮಾಡುವಾಗ ಮೂಲೆಗಳು ಉದುರಿದವು. ನಿಮ್ಮ ಸ್ಪಾರ್ಕ್‌ನಿಂದಲೇ ಬಿರುಕು ಬಿಟ್ಟಿದೆ ಅಂತ ನಾನು ಜಗಳಕ್ಕೇ ನಿಂತೆ. ಅಲ್ಲಿಯವರು ಶಾಂತವಾಗಿ ಹೇಳಿದರು, "ಇಲ್ಲ ಮಾರಾಯ್ರೆ, ಇದು ಬರುವಾಗಲೇ ಒಡೆದಿದೆ. ಕಟ್ ಮಾಡದ ಪೀಸ್ ಒಂದನ್ನು ಪಾಲಿಶ್ ಮಾಡಿ ನೋಡಿ." ಪಾಲಿಶ್ ಮಾಡಿ, ಲೋಹದ ಒಳರಚನೆ ಎದ್ದು ಕಾಣಿಸುವ ಮುರಕಾಮಿ ದ್ರಾವಣ ಹಾಕಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಲೇಸರ್ ಓಡಿದ ಗೆರೆಗಳ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳು. ಒಂದು ಜಾಗವೂ ಬಾಕಿ ಇರಲಿಲ್ಲ. ವೈರ್‌ಕಟ್‌ನಿಂದ ಮೇಲ್ಮೈಯಲ್ಲಿ ಸಣ್ಣ ಬಿರುಕು ಬರೋದು ಉಂಟು. ಆದರೆ ಇವು ಪೀಸಿನ ಒಳಗೆಲ್ಲ ಇದ್ದವು.

ನಾನು ಎಲ್ಲಿ ಎಡವಿದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನೀವೂ ಅಲ್ಲೇ ಹೋಗ್ತಿದ್ದೀರಿ. ಡೆನ್ಸಿಟಿ ಹೇಳೋದು ಒಳಗೆ ಎಷ್ಟು ಜಾಗ ಖಾಲಿ ಇದೆ ಅಂತ ಮಾತ್ರ. ಕೂದಲಿಗಿಂತ ಎಷ್ಟೋ ತೆಳುವಾದ ಬಿರುಕಿಗೆ ಉದ್ದ ಇರುತ್ತದೆ, ಖಾಲಿ ಜಾಗ ಇರೋದೇ ಇಲ್ಲ ಅನ್ನುವಷ್ಟು ಕಡಿಮೆ. ಬಿರುಕು ಹೊರಗೆ ತೆರೆದಿದ್ದರೆ ತೂಗುವಾಗ ನೀರು ಒಳಗೆ ಹೋಗುತ್ತದೆ, ಆಗ ಅದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಪೂರ್ತಿ ಒಡೆದ ಪೀಸಿಗೂ 98% ಬರುತ್ತದೆ. ಪವರ್ ಏರಿಸಿದರೆ ತೂತುಗಳು ಮುಚ್ಚುತ್ತವೆ, ನಿಜ. ಬಿರುಕು ಮಾತ್ರ ಹೋಗುವುದಿಲ್ಲ, ಯಾಕಂದ್ರೆ ಅದು ಹುಟ್ಟೋದು ಲೇಸರ್ ಮುಂದೆ ಹೋದ ಮೇಲೆ, ಲೋಹ ತಣಿಯುವಾಗ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಲ್ಯಾಬ್‌ನವರು ಹೈಸ್ಪೀಡ್ ಕ್ಯಾಮೆರಾ ಇಟ್ಟು ಇದನ್ನು ಕಣ್ಣಾರೆ ನೋಡಿ 2020ರಲ್ಲಿ ಪ್ರಕಟಿಸಿದ್ದಾರೆ.

ಬಿಸಿ ಇರುವಾಗ ಟಂಗ್‌ಸ್ಟನ್ ಬಾಗುತ್ತದೆ. ಕೆಲವು ನೂರು ಡಿಗ್ರಿಗಿಂತ ಕೆಳಗೆ ಬಂತೋ, ಅದು ಬಾಗುವ ಲೋಹ ಅಲ್ಲ, ಒಡೆಯುವ ಲೋಹ. ತಣಿಯುತ್ತಾ ಕುಗ್ಗಬೇಕು, ಅದು ಅಂಟಿಕೊಂಡಿರುವ ಮೆಷಿನ್‌ನ ಕೆಳಗಿನ ಪ್ಲೇಟ್ ಬಿಡುವುದಿಲ್ಲ. ಎಳೆತ ಪೂರ್ತಿ ಏರುವ ಹೊತ್ತಿಗೆ ಬಾಗುವ ಶಕ್ತಿ ಹೋಗಿರುತ್ತದೆ. ಎಷ್ಟೋ ಮೆಷಿನ್‌ಗಳಲ್ಲಿ ಪ್ಲೇಟ್ ಬಿಸಿಯಾಗೋದು 200 ಡಿಗ್ರಿ ತನಕ ಮಾತ್ರ. ಅದು ಸಾಕಾಗೋದಿಲ್ಲ. ಮೇಲಿಂದ ಆಮ್ಲಜನಕ ಬೇರೆ. ಅದು ಲೋಹದೊಳಗಿನ ಸಣ್ಣ ಹರಳುಗಳ ಗಡಿಯಲ್ಲಿ ಕೂತು ಅಲ್ಲಿಯ ಹಿಡಿತ ಸಡಿಲ ಮಾಡುತ್ತದೆ, ಬಿರುಕು ಅದೇ ದಾರಿ ಹಿಡಿಯುತ್ತದೆ. ನಾವು ಆಟಿಯ ಮಳೆಯಲ್ಲಿ ಲ್ಯಾಬ್‌ನಲ್ಲಿ ಪುಡಿಯ ಡಬ್ಬಿ ತೆರೆದಿಟ್ಟು ಜರಡಿ ಹಿಡಿದಿದ್ದೆವು. ನಮ್ಮ ಕರಾವಳಿಯ ಗಾಳಿಯಲ್ಲಿ ಹಾಗೆ ಮಾಡಲೇಬಾರದು. ಪುಡಿಗೆ ಅಂಟಿದ ತೇವವೂ ಆಮ್ಲಜನಕವೇ ಅಲ್ವಾ?

ಹಾಗಾಗಿ ನಿಮ್ಮ ವ್ಯಾಟ್ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಆ ಭಾಗ ಏನು ಕೆಲಸ ಮಾಡಬೇಕು, ಅದನ್ನು ಹೇಳಿ. ಎಕ್ಸ್‌ರೇ ತಡೆಯಲು ಮಾತ್ರ ಆದರೆ ಸಣ್ಣ ಬಿರುಕಿನಿಂದ ತೊಂದರೆ ಇಲ್ಲ. ಸಿಟಿ ಸ್ಕ್ಯಾನರ್‌ನಲ್ಲಿ ಅಡ್ಡಾದಿಡ್ಡಿ ಬರುವ ಎಕ್ಸ್‌ರೇ ತಡೆಯುವ ಜಾಲರಿಗಳನ್ನು, ಅಂದರೆ ಕಾಲಿಮೇಟರ್‌ಗಳನ್ನು, ಲೇಸರ್‌ನಲ್ಲೇ ಶುದ್ಧ ಟಂಗ್‌ಸ್ಟನ್‌ನಿಂದ ಮಾಡುತ್ತಾರೆ. ಭಾರ ಹೊರಬೇಕು ಅಂತಾದರೆ ಲೇಸರ್ ಬಿಟ್ಟು, ಎಲೆಕ್ಟ್ರಾನ್‌ಗಳ ಕಿರಣದಿಂದ ಪುಡಿ ಕರಗಿಸುವ ಎಲೆಕ್ಟ್ರಾನ್ ಬೀಮ್ ಪ್ರಿಂಟಿಂಗ್ ಕಡೆ ನೋಡಿ. ಅದು ನಿರ್ವಾತದಲ್ಲಿ ಕೆಲಸ ಮಾಡುತ್ತದೆ, ಪುಡಿಯ ಹಾಸನ್ನು 1000 ಡಿಗ್ರಿಗೂ ಮೇಲೆ ಬಿಸಿ ಇಡಬಹುದು.

ಶುದ್ಧ ಟಂಗ್‌ಸ್ಟನ್ ಬೇಡ, 90% ಟಂಗ್‌ಸ್ಟನ್, 7% ನಿಕ್ಕೆಲ್, 3% ಕಬ್ಬಿಣದ ಹೆವಿ ಅಲಾಯ್ (ಮಿಶ್ರಲೋಹ) ತೆಗೆದುಕೊಳ್ಳಿ ಅಂತ ಯಾರಾದರೂ ಹೇಳಬಹುದು. ಸಲಹೆ ಒಳ್ಳೆಯದೇ. ಆದರೆ ಅಲ್ಲೂ ಪವರ್ ಏರಿಸುವ ಚಾಳಿ ಬಿಡಬೇಕು. ನಿಕ್ಕೆಲ್, ಕಬ್ಬಿಣ ಎರಡೂ 3000 ಡಿಗ್ರಿಗಿಂತ ಕೆಳಗೇ ಕುದಿಯುತ್ತವೆ. ಟಂಗ್‌ಸ್ಟನ್ ಕರಗಿಸಲು ಹೊರಟರೆ ಅವು ಆವಿಯಾಗಿ ಹಾರಿಹೋಗುತ್ತವೆ, ನೀವು ಬೆರೆಸಿದ ಅಳತೆಯೇ ಉಳಿಯುವುದಿಲ್ಲ. ನಿಕ್ಕೆಲ್-ಕಬ್ಬಿಣ ಮಾತ್ರ ಕರಗಿ ಟಂಗ್‌ಸ್ಟನ್ ಕಣಗಳನ್ನು ಹಿಡಿದುಕೊಳ್ಳುವಷ್ಟು ಶಾಖ ಕೊಡಿ, ಆಮೇಲೆ ಫರ್ನೇಸ್‌ನಲ್ಲಿ ಸಿಂಟರ್ ಮಾಡಿ, ಅಂದರೆ ಕಣಗಳು ಗಟ್ಟಿಯಾಗಿ ಬೆಸೆಯುವ ತನಕ ಬಿಸಿ ಮಾಡಿ. ಟಂಗ್‌ಸ್ಟನ್‌ಗೆ ರೀನಿಯಂ ಅನ್ನುವ ಅಪರೂಪದ ಲೋಹ ಬೆರೆಸಿದರೆ ಬಾಗುವ ಗುಣ ಬರುತ್ತದೆ, ಆದರೆ ಅದರ ಬೆಲೆ ವಿದ್ಯಾರ್ಥಿಯ ಬಜೆಟ್‌ಗೆ ನಿಲುಕುವುದಲ್ಲ.

ನನ್ನನ್ನು ಕೇಳಿದರೆ, ಈ ವರ್ಷ ಪುಡಿಯನ್ನೇ ಕೊಳ್ಳಬೇಡಿ. ಟಂಗ್‌ಸ್ಟನ್ ಪ್ಲೇಟ್ ಒಂದನ್ನು ತರಿಸಿ, ಅದರ ಮೇಲೆ ಬರೀ ಲೇಸರ್ ಗೆರೆ ಎಳೆಸಿ. ಕೆಲವು ತಣ್ಣಗಿನ ಪ್ಲೇಟ್ ಮೇಲೆ, ಕೆಲವು ಬಿಸಿ ಮಾಡಿದ ಪ್ಲೇಟ್ ಮೇಲೆ. ಬಿರುಕುಗಳ ನಡುವಿನ ಅಂತರ ಅಳೆದು, ಬಿಸಿಯ ಜೊತೆ ಅದು ಹೇಗೆ ಬದಲಾಗುತ್ತದೆ ಅಂತ ಬರೆಯಿರಿ. ಡೆನ್ಸಿಟಿ ಪಟ್ಟಿಗಿಂತ ಇದು ಗಟ್ಟಿ ಥೀಸಿಸ್. ಗೈಡ್ ಒಪ್ಪದಿದ್ದರೆ ಪಾಲಿಶ್ ಮಾಡಿದ ಒಂದು ಪೀಸಿನ ಫೋಟೋ ಅವರ ಮೇಜಿನ ಮೇಲೆ ಇಡಿ. ನನ್ನ ಹತ್ರ ಬೇಕಾದಷ್ಟು ಇವೆ, ಕೇಳಿದರೆ ಕಳಿಸ್ತೇನೆ.