ನೆಲಕ್ಕೆ ಬಿಗಿಯದ ಗೋಪುರಗಳು

‘ಗ್ರೀಸಿನ ಪಾತ್ರಾಸ್ ನಗರದ ಬಳಿ ಇರುವ ರಿಯೊ-ಆಂತಿರಿಯೊ ತೂಗುಸೇತುವೆಯ ಗೋಪುರಗಳನ್ನು ಸಮುದ್ರದ ತಳಕ್ಕೆ ಬಿಗಿದೇ ಇಲ್ಲವಂತೆ. ಭೂಕಂಪದ ಸೀಮೆಯಲ್ಲಿ ಇದು ಸರಿಯೇ? 2005ರಲ್ಲಿ ಕೇಬಲ್ ಬಿದ್ದದ್ದು ಇದರಿಂದಲೇ?’ ಎಂದು ಕೇಳಿದ್ದೀರಿ.

ಬಿಗಿದಿಲ್ಲ ಎಂಬುದು ನಿಜ, ಮತ್ತು ಅದೇ ಸರಿ. ಆದರೆ ಇದು ತೂಗುಸೇತುವೆಯಲ್ಲ, ಕೇಬಲ್ ಸ್ಟೇಯ್ಡ್ ಸೇತುವೆ: ಗೋಪುರದ ತಲೆಯಿಂದ ಓರೆಯಾಗಿ ಇಳಿದ ಕೇಬಲ್‌ಗಳೇ ನೇರವಾಗಿ ರಸ್ತೆಯನ್ನು ಎತ್ತಿ ಹಿಡಿದಿವೆ.

ಅಲ್ಲಿ ನೀರಿನ ಆಳವೇ ಸುಮಾರು 65 ಮೀಟರ್. ಅದರಡಿ 500 ಮೀಟರಿಗೂ ಹೆಚ್ಚು ಮರಳು, ಹೂಳು, ಜೇಡಿ; ಬಂಡೆಯವರೆಗೆ ಕಂಬ ಇಳಿಸುವ ಮಾತೇ ಇಲ್ಲ. ಆದ್ದರಿಂದ ನಾಲ್ಕರಲ್ಲಿ ಮೂರು ಗೋಪುರಗಳ ಜಾಗದಲ್ಲಿ 2 ಮೀಟರ್ ವ್ಯಾಸದ, 25ರಿಂದ 30 ಮೀಟರ್ ಉದ್ದದ ಉಕ್ಕಿನ ಕೊಳವೆಗಳನ್ನು ಏಳೆಂಟು ಮೀಟರಿಗೊಂದರಂತೆ ಮಣ್ಣಿಗೆ ಹೊಡೆದರು. ಮೇಲೆ ಸುಮಾರು 3 ಮೀಟರ್ ಜಲ್ಲಿ ಹಾಸಿ ಮಟ್ಟ ಮಾಡಿದರು. 90 ಮೀಟರ್ ವ್ಯಾಸದ ಅಡಿಪಾಯ ಆ ಜಲ್ಲಿಯ ಮೇಲೆ ಸುಮ್ಮನೆ ಕೂತಿದೆ; ಕೊಳವೆಗೂ ಅದಕ್ಕೂ ಬೆಸುಗೆಯಿಲ್ಲ. ಕೊಳವೆಗಳ ಕೆಲಸ ಮಣ್ಣು ಕುಸಿಯದಂತೆ ತಡೆಯುವುದು. ಜಲ್ಲಿಯ ಕೆಲಸ, ಅಲುಗಾಟ ಮಿತಿ ಮೀರಿದಾಗ ಅಡಿಪಾಯಕ್ಕೆ ಜಾರಲು ಬಿಡುವುದು. ಜಾರಿದ ಗೋಪುರ ನೆಟ್ಟಗೇ ಉಳಿಯುತ್ತದೆ, ಕೇಬಲ್‌ಗಳ ಬಿಗಿ ಸರಿಪಡಿಸಬಹುದು. ಒಂದು ಬದಿಯ ಮಣ್ಣು ಕುಸಿದು ವಾಲಿದ ಗೋಪುರವನ್ನು ಮತ್ತೆ ನೆಟ್ಟಗೆ ಮಾಡುವವರು ಯಾರು?

ಮೆತ್ತನೆಯ ಮಣ್ಣು ಭಾರಕ್ಕೆ ಕುಗ್ಗುವುದಂತೂ ಖಂಡಿತ. ಅದಕ್ಕೆ ಗೋಪುರ ಏರಿಸುವ ಮುನ್ನವೇ ಟೊಳ್ಳು ಅಡಿಪಾಯದೊಳಗೆ ನೀರು ತುಂಬಿ, ಭಾರ ಹೇರಿ, ಕುಗ್ಗುವಷ್ಟನ್ನು ಮೊದಲೇ ಕುಗ್ಗಿಸಿದರು. ನನಗೆ ತುಂಬ ಹಿಡಿಸಿದ ಉಪಾಯವಿದು.

2,252 ಮೀಟರ್ ಉದ್ದದ ರಸ್ತೆಯೂ ಗೋಪುರಗಳ ಮೇಲೆ ಕೂತಿಲ್ಲ. ಇಡಿಯಾಗಿ ಕೇಬಲ್‌ಗಳಲ್ಲೇ ನೇತಾಡುತ್ತದೆ. ಗಾಳಿಗೆ ಅಡ್ಡಡ್ಡ ತೂಗದಂತೆ ಪ್ರತಿ ಗೋಪುರದ ಬಳಿ ಒಂದು ಉಕ್ಕಿನ ಕೊಂಡಿ ಇದೆ. ಮನೆಯ ಫ್ಯೂಸಿನಂತೆ, ಭಾರಿ ಕಂಪನಕ್ಕೆ ಅದು ಮುರಿಯಲೆಂದೇ ಮಾಡಿದ್ದು. ಮುರಿದ ಮೇಲೆ ಗೋಪುರಕ್ಕೆ ನಾಲ್ಕರಂತಿರುವ ಡ್ಯಾಂಪರ್‌ಗಳು (ವಾಹನದ ಶಾಕ್ ಅಬ್ಸಾರ್ಬರ್‌ನಂಥ ಸಾಧನಗಳು) ಓಲಾಟವನ್ನು ನುಂಗುತ್ತವೆ. ಒಂದೊಂದೂ ಎರಡೂ ಕಡೆಗೆ 1.75 ಮೀಟರ್‌ವರೆಗೆ ಚಲಿಸಬಲ್ಲದು. 2008ರ ಜೂನ್‌ನಲ್ಲಿ ಪಾತ್ರಾಸ್ ಬಳಿ 6.4 ತೀವ್ರತೆಯ ಭೂಕಂಪವಾದಾಗ ಸೇತುವೆ ಹಾನಿಯಿಲ್ಲದೆ ಉಳಿಯಿತು.

ಇನ್ನು 2005ರ ಜನವರಿಯ ಘಟನೆ. ಸೇತುವೆ ತೆರೆದದ್ದು 2004ರ ಆಗಸ್ಟ್‌ನಲ್ಲಿ. ಆರು ತಿಂಗಳೂ ತುಂಬಿರಲಿಲ್ಲ. ಅಡಿಪಾಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕೇಬಲ್ಲಿನ ಮೇಲ್ತುದಿಗೆ ಸಿಡಿಲು ಬಡಿದು, ಉಕ್ಕಿನ ಎಳೆಗಳಿಗೆ ಹೊದಿಸಿದ್ದ ಪ್ಲಾಸ್ಟಿಕ್ ಕವಚಕ್ಕೆ ಬೆಂಕಿ ಹತ್ತಿತು. ಕಾದ ಉಕ್ಕು ಬಲ ಕಳೆದುಕೊಳ್ಳುತ್ತದೆ. ಎಳೆಗಳು ತುಂಡಾಗಿ ಕೇಬಲ್ ರಸ್ತೆಯ ಮೇಲೆ ಬಿತ್ತು. ಒಂದು ಕೇಬಲ್ ಹೋದರೂ ರಸ್ತೆ ಕುಸಿಯಲಿಲ್ಲ. ಸಂಚಾರ ನಿಲ್ಲಿಸಿ ಹೊಸ ಕೇಬಲ್ ಹಾಕಿದರು, ಸಿಡಿಲಿನ ರಕ್ಷಣೆಯನ್ನೂ ಬಲಪಡಿಸಿದರು.

— ಸಂ.