ಅಲಾಸ್ಕಾದ ಗ್ಲೇಸಿಯರ್ ಬೇ: ಬಾಲ್ಕನಿ ರೂಮಿಗೆ ಅಷ್ಟು ದುಡ್ಡು ಕೊಡಬೇಕಾ?

ಊರಿಂದ ಬರುವ ಅಪ್ಪ ಅಮ್ಮನನ್ನು ಅಲಾಸ್ಕಾ ಕ್ರೂಸ್‌ಗೆ ಕರೆದೊಯ್ಯಬೇಕು, ಅಮ್ಮನಿಗೆ ಮಂಡಿನೋವು, ಬಾಲ್ಕನಿ ರೂಮ್ ಬೇಕೇಬೇಕಾ ಅಂತ ಕೇಳಿದ್ದೀರಿ. ನಾನು ಜೂನ್‌ನಲ್ಲಿ ನನ್ನ ಅಮ್ಮನ ಜೊತೆ ಹೋಗಿ ಬಂದೆ. ರೂಮಿಗಿಂತ ಮೊದಲು ಹಡಗಿನ ದಾರಿ ನೋಡಿ. ಗ್ಲೇಸಿಯರ್ ಬೇ ಅಂದರೆ ಹಿಮನದಿಗಳು (ಗ್ಲೇಸಿಯರ್) ಇಳಿದು ಬರುವ ಸಮುದ್ರದ ಕೊಲ್ಲಿ, ಈಗ ರಾಷ್ಟ್ರೀಯ ಉದ್ಯಾನ. ದೊಡ್ಡ ಹಡಗುಗಳನ್ನು ದಿನಕ್ಕೆ ಎರಡೇ ಒಳಗೆ ಬಿಡುತ್ತಾರೆ. ಹಡಗು ಎಷ್ಟೇ ಐಷಾರಾಮಿಯಾಗಿರಲಿ, ಅಲ್ಲಿಗೆ ಹೋಗದಿದ್ದರೆ ನಾನಂತೂ ಬೇಡ ಅನ್ನುತ್ತೇನೆ.

ಬೆಳಗ್ಗೆ ಪಾರ್ಕಿನ ರೇಂಜರ್‌ಗಳು ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ. ಆ ಹೊತ್ತಿಗೇ ಡೆಕ್ ಮೇಲಿರಿ. ಕೊಲ್ಲಿಯ ಬಾಯಲ್ಲಿ ಸ್ಪ್ರೂಸ್ ಅನ್ನುವ ಸೂಜಿಯೆಲೆ ಮರಗಳ ದಟ್ಟ ಕಾಡು. ಒಳಗೆ ಹೋದಂತೆ ಮರಗಳು ಕುಳ್ಳಗಾಗಿ ಪೊದೆಯಾಗುತ್ತವೆ, ಕೊನೆಗೆ ಬರೀ ಬಂಡೆ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ತಂಡ ಬಂದಾಗ ಈ ಕೊಲ್ಲಿ ಪೂರ್ತಿ ಹಿಮದ ಅಡಿಯಲ್ಲಿತ್ತು ಅಂದರೂ ತಪ್ಪಿಲ್ಲ. 1879ರಲ್ಲಿ ಪ್ರಕೃತಿ ಲೇಖಕ ಜಾನ್ ಮ್ಯೂರ್ ಬರುವಷ್ಟರಲ್ಲಿ ಹಿಮ ಹತ್ತಾರು ಕಿ.ಮೀ. ಹಿಂದೆ ಸರಿದಿತ್ತು. ಈಗ 100 ಕಿ.ಮೀ. ದಾಟಿದೆ. ಹಿಮ ಮೊದಲು ಬಿಟ್ಟುಕೊಟ್ಟ ಕಡೆ ಕಾಡು ಬೆಳೆದು ನಿಂತಿದೆ, ಈಚೆಗೆ ಬಿಟ್ಟ ಕಡೆ ಇನ್ನೂ ಬೇರೂರಬೇಕಷ್ಟೆ.

ಜಾಹೀರಾತುಗಳಲ್ಲಿ 'ಮನುಷ್ಯರ ಕಾಲೇ ಬೀಳದ ಜಾಗ' ಅಂತ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಹೂನಾ ಟ್ಲಿಂಗಿಟ್ ಅನ್ನುವ ಮೂಲನಿವಾಸಿ ಜನರ ಊರುಗಳಿದ್ದವು. 1700ರ ನಂತರ ಹಿಮ ಮುನ್ನುಗ್ಗಿ ಬಂದು ಅವರನ್ನು ಅಲ್ಲಿಂದ ಓಡಿಸಿತು. 2016ರಲ್ಲಿ ಪಾರ್ಕಿನೊಳಗಿನ ಬಾರ್ಟ್ಲೆಟ್ ಕೋವ್‌ನಲ್ಲಿ ಅವರ ಕುಲದ ಮನೆಯೊಂದು ಮತ್ತೆ ಎದ್ದು ನಿಂತಿತು. ಹಿಮ ಒಡೆದು ಬೀಳುವ ಸದ್ದಿಗೆ ಅವರು 'ಬಿಳಿ ಗುಡುಗು' ಅನ್ನುತ್ತಾರೆ.

ಆ ಗುಡುಗು ಕೇಳಿದ್ದು ಮಾರ್ಜರಿ ಗ್ಲೇಸಿಯರ್ ಎದುರು. ಸುಮಾರು ಒಂದೂವರೆ ಕಿ.ಮೀ. ಅಗಲ, ನೀರಿನ ಮೇಲೆ 75 ಮೀಟರ್ ಎತ್ತರದ ಹಿಮದ ಗೋಡೆ. ಸೀಳುಗಳ ಒಳಗೆ ಅಚ್ಚ ನೀಲಿ. ಮೊದಲ ಸಲ ಸದ್ದು ಕೇಳಿ ತಿರುಗಿದೆ, ಅಷ್ಟರಲ್ಲಿ ಬಿದ್ದಾಗಿತ್ತು. ದೂರದಿಂದ ಸದ್ದು ತಡವಾಗಿ ಬರುತ್ತದೆ, ಅಲ್ವಾ. ಗುಟ್ಟು ಹಿಡಿದದ್ದು ಅಮ್ಮ. "ರವೆ ಉದುರಿದ ಹಾಗೆ ಆಗ್ತಿದೆ ನೋಡು, ಅಲ್ಲೇ" ಅಂತ ಕೈ ತೋರಿಸಿದರು. ಪುಡಿ ಹಿಮ ಸಣ್ಣಗೆ ಜಾರುತ್ತಿತ್ತು. ಎರಡೇ ನಿಮಿಷ. ಅಲ್ಲಿಂದಲೇ ಮನೆಯಷ್ಟು ದೊಡ್ಡ ತುಂಡು ಕಳಚಿ ನೀರಿಗೆ ಬಿತ್ತು. ಸದ್ದು ಆಮೇಲೆ ಎದೆಗೆ ಬಡಿಯಿತು. ಡೆಕ್ ಮೇಲಿದ್ದ ಅಷ್ಟೂ ಜನ ಮಾತು ನಿಲ್ಲಿಸಿದ್ದರು.

ಅಲ್ಲಿ ಹಡಗು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿತು, ಎರಡೂ ಬದಿಯವರಿಗೆ ಕಂಡಿತು. ನಮ್ಮದು ಕಿಟಕಿಯೇ ಇಲ್ಲದ ರೂಮ್, ಏನೂ ಕಳೆದುಕೊಳ್ಳಲಿಲ್ಲ. ಉಳಿದ ದುಡ್ಡಿನಲ್ಲಿ ಒಳ್ಳೆಯ ಜಾಕೆಟ್, ಕೈಗವಸು ತಗೊಳ್ಳಿ. ಬೇಸಿಗೆಯಲ್ಲೂ ಹಿಮದ ಗಾಳಿ ಕೊರೆಯುತ್ತದೆ.

ಇನ್ನೊಂದು ಮಾತು. ಅಮೆರಿಕದ ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ದೊಡ್ಡ ಹಡಗುಗಳೂ ಕೆನಡಾದ ಒಂದು ಬಂದರು ಮುಟ್ಟುತ್ತವೆ. ವಿದೇಶಿ ಬಾವುಟದ ಹಡಗುಗಳಿಗೆ ಅಮೆರಿಕದ 1886ರ ಕಾನೂನು ಹಾಗಿದೆ. ಭಾರತದ ಪಾಸ್‌ಪೋರ್ಟ್‌ನ ಅಪ್ಪ ಅಮ್ಮನಿಗೆ ಅಮೆರಿಕದ ವೀಸಾ ಜೊತೆ ಕೆನಡಾ ವೀಸಾಕ್ಕೂ ಈಗಲೇ ಅರ್ಜಿ ಹಾಕಿ.

ಮಂಡಿನೋವಿಗೆ ಹೆದರಬೇಡಿ. ಆ ದಿನ ದೊಡ್ಡ ಹಡಗಿನವರು ಯಾರೂ ಕೆಳಗೆ ಇಳಿಯುವುದೇ ಇಲ್ಲ. ಡೆಕ್ ಮೇಲೆ ಒಂದು ಕುರ್ಚಿ, ಮೇಲೊಂದು ಕಂಬಳಿ ಇದ್ದರೆ ಸಾಕು, ನಿಮ್ಮ ಅಮ್ಮ ಕೂತಲ್ಲೇ ಎಲ್ಲ ನೋಡುತ್ತಾರೆ.